ಟೇಬಲ್ ಮೇಲೆ ಎಡಕುಮೇರಿ: 1:220 ಅಳತೆಯಲ್ಲಿ ಬಂಡೆ, ಕಾಡು, ಜಲಪಾತ ಮಾಡೋದು ಹೇಗೆ?

[ದೃಶ್ಯ: ಕ್ಯಾಮೆರಾ ಹಳಿಯ ಮಟ್ಟದಲ್ಲಿ. ಸುರಂಗದ ಕಪ್ಪು ಬಾಯಿ. ಒಳಗೆ ಸಣ್ಣ ಬೆಳಕು ಕಾಣಿಸಿಕೊಂಡು ದೊಡ್ಡದಾಗುತ್ತಾ ಬರುತ್ತೆ. ರೈಲು ಹೊರಬಂದು ಸೇತುವೆ ದಾಟುತ್ತೆ. ಆಮೇಲೆ ಒಂದು ಕೈ ಬಂದು ಇಂಜಿನ್ ಪಕ್ಕ ಬೆಂಕಿಕಡ್ಡಿ ಇಡುತ್ತೆ.]

ನಮಸ್ಕಾರ. ಈಗ ನೋಡಿದ್ರಲ್ಲ, ಆ ಸುರಂಗದ ಬಾಯಿಗೆ ನನ್ನ ಹೆಬ್ಬೆರಳು ಇಟ್ಟರೆ ಬಿರಡೆ ಹಾಕಿದ ಹಾಗೆ ಕೂತ್ಕೊಳ್ಳುತ್ತೆ. ಇದೊಂದು ಪುಟಾಣಿ ಮಾದರಿ ರೈಲು, ಇಂಜಿನ್ ಉದ್ದ ಸುಮಾರು ಎರಡು ಬೆಂಕಿಕಡ್ಡಿ. ಇಂಜಿನ್ ಮಾಡಿದ ಕಥೆ ಇನ್ನೊಂದು ದಿನ ಹೇಳ್ತೀನಿ. ಇವತ್ತು ಮಾತಾಡೋದು ಅದರ ಸುತ್ತ ಇರೋ ಬೆಟ್ಟ, ಕಾಡು, ನೀರಿನ ಬಗ್ಗೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಹಳಿ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ದಾರಿ. ಬ್ರಾಡ್ ಗೇಜ್‌ಗೆ ಬದಲಾಯಿಸಿದ ಮೇಲೆ 2006ರಲ್ಲಿ ಗೂಡ್ಸ್, 2007ರ ಡಿಸೆಂಬರ್‌ನಲ್ಲಿ ಪ್ಯಾಸೆಂಜರ್ ರೈಲು ಮತ್ತೆ ಓಡಿದವು. ಏರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಅಂತ ನಿಲ್ದಾಣಗಳ ಹೆಸರು ಹೇಳ್ತಾ ಹೋದ್ರೆ ನನಗೆ ಈಗಲೂ ಮಳೆ ವಾಸನೆ ಬಂದ ಹಾಗಾಗುತ್ತೆ.

ಆ ಘಾಟಿಯ ಒಂದು ತುಣುಕನ್ನ 90 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಹಲಗೆ ಮೇಲೆ ತರೋದು ನನ್ನ ಆಸೆ.

[ದೃಶ್ಯ: ಬರಿ ಹಲಗೆ, ಪಕ್ಕದಲ್ಲಿ ಅಳತೆಪಟ್ಟಿ. ಅದರ ಮೇಲೆ ಹಳಿಯ ಒಂದು ತುಂಡು.]

ಈ ಹಳಿ ಝಡ್ ಸ್ಕೇಲ್ ಅನ್ನೋ ಅಳತೆಯ ಮಾದರಿ ರೈಲಿನದು. ಆ ಸ್ಕೇಲನ್ನ ಜರ್ಮನಿಯ ಮಾರ್ಕ್‌ಲಿನ್ ಕಂಪನಿ 1972ರಲ್ಲಿ ಹೊರತಂದದ್ದು. ಅಳತೆ 1:220, ಅಂದ್ರೆ ನಿಜದ 220 ಮೀಟರ್ ಇಲ್ಲಿ ಒಂದು ಮೀಟರ್. ಎರಡು ಹಳಿ ಮಧ್ಯೆ ಆರೂವರೆ ಮಿಲಿಮೀಟರ್. ಇದಕ್ಕಿಂತ ಸಣ್ಣದೂ ಇದೆ: 1:450ರ ಟಿ ಗೇಜ್, ಹಳಿ ಮಧ್ಯೆ ಬರಿ 3 ಮಿಲಿಮೀಟರ್. ಅದರಲ್ಲಿ ಮನುಷ್ಯ ನಾಲ್ಕು ಮಿಲಿಮೀಟರ್ ಎತ್ತರ ಅಷ್ಟೇ. ನನ್ನ ಕಣ್ಣು, ಕೈ ಎರಡಕ್ಕೂ ಒಗ್ಗಿದ್ದು ಝಡ್.

ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮ ಬ್ರಾಡ್ ಗೇಜ್‌ನಲ್ಲಿ ಎರಡು ಹಳಿ ಮಧ್ಯೆ 1676 ಮಿಲಿಮೀಟರ್. 220ರಿಂದ ಭಾಗಿಸಿದ್ರೆ ಏಳೂವರೆಗಿಂತ ಸ್ವಲ್ಪ ಜಾಸ್ತಿ ಬರುತ್ತೆ. ಅಂದ್ರೆ ನಾನು ಹಾಕಿರೋ ಹಳಿ ನಿಜಕ್ಕಿಂತ ಒಂದು ಮಿಲಿಮೀಟರ್ ಕಿರಿದು. ಅದನ್ನ ಒಪ್ಪಿಕೊಂಡೇ ಶುರು ಮಾಡಿದೆ. ಇಡೀ 55 ಕಿಲೋಮೀಟರ್ ಘಾಟಿಯನ್ನ ಈ ಅಳತೆಗೆ ಇಳಿಸಿದ್ರೂ 250 ಮೀಟರ್ ಉದ್ದ ಬೇಕು. ನಮ್ಮ ಮನೆ ಇರೋ ಬೀದಿ ಕೂಡ ಅಷ್ಟಿಲ್ಲ. ನನ್ನ ಹಲಗೆ ಮೇಲೆ ಹಿಡಿಸೋದು ನಿಜದ 198 ಮೀಟರ್ ಮಾತ್ರ. 24 ಡಬ್ಬಿಯ ರೈಲೇ 500 ಮೀಟರ್ ದಾಟುತ್ತೆ. ಹಾಗಾಗಿ ನನ್ನ ರೈಲಿಗೆ ಐದೇ ಡಬ್ಬಿ. ಬೆಟ್ಟಕ್ಕೆ ಒಂದು ಸುರಂಗ, ಒಂದು ಸೇತುವೆ, ಒಂದು ಜಲಪಾತ.

ಇನ್ನೊಂದು ಲೆಕ್ಕ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಟೇಬಲ್ ಮುಂದೆ ಕೂತಾಗ ನಮ್ಮ ಕಣ್ಣಿಗೂ ಲೇಔಟ್‌ಗೂ, ಅಂದ್ರೆ ಹಲಗೆ ಮೇಲಿನ ಈ ಮಾದರಿಗೂ, ಸುಮಾರು ಅರ್ಧ ಮೀಟರ್ ದೂರ. 220ರಿಂದ ಗುಣಿಸಿ. 110 ಮೀಟರ್ ಆಯ್ತು. ಅಂದ್ರೆ ಈ ಕಾಡನ್ನ ನಾವು ಯಾವಾಗಲೂ 110 ಮೀಟರ್ ಆಚೆಯಿಂದ ನೋಡ್ತಾ ಇರ್ತೀವಿ. ಅಷ್ಟು ದೂರದಿಂದ ಮರದ ಎಲೆ ಕಾಣುತ್ತಾ? ಇಲ್ಲ. ಮರದ ಆಕಾರ ಕಾಣುತ್ತೆ, ಕೊಂಬೆ ಕೆಳಗಿನ ನೆರಳು ಕಾಣುತ್ತೆ, ಬಣ್ಣ ಕಾಣುತ್ತೆ. ಮೊದಲನೇ ಸಲ ನಾನು ಒಂದೊಂದು ಎಲೆ ಮಾಡೋಕೆ ಹೋಗಿ ಮೂರು ತಿಂಗಳು ಕೆಲಸ ಮಾಡಿದೆ. ಮುಗಿದ ಮೇಲೆ ದೂರ ನಿಂತು ನೋಡಿದ್ರೆ ಅದು ಕಾಡಿನ ಥರ ಇರಲಿಲ್ಲ, ಕೊತ್ತಂಬರಿ ಮಡಿ ಥರ ಇತ್ತು. ಅವತ್ತಿಂದ ಪ್ರತಿಯೊಂದಕ್ಕೂ ಇದೇ ಪ್ರಶ್ನೆ ಕೇಳ್ಕೋತೀನಿ: 110 ಮೀಟರ್ ದೂರದಿಂದ ಇದು ಹೇಗೆ ಕಾಣುತ್ತೆ?

[ದೃಶ್ಯ: ನೀಲಿ ಫೋಮ್ ಹಲಗೆಗಳನ್ನ ಒಂದರ ಮೇಲೊಂದು ಅಂಟಿಸೋದು. ಚಾಕುವಿನಿಂದ ಕೆತ್ತೋದು.]

ಬೆಟ್ಟದ ಒಡಲು ಎಕ್ಸ್‌ಪಿಎಸ್ ಫೋಮ್, ಅಂದ್ರೆ ಕಾಳು ಉದುರದ ಈ ಗಟ್ಟಿ ಫೋಮ್ ಹಲಗೆ. ಥರ್ಮಾಕೋಲ್‌ನಲ್ಲೂ ಆಗುತ್ತೆ, ಆದ್ರೆ ಕೊಯ್ದಾಗ ಉದುರೋ ಬಿಳಿ ಕಾಳು ಹಳಿಗೆ, ಬಟ್ಟೆಗೆ, ತಲೆಗೆ ಎಲ್ಲಾ ಕಡೆ ಅಂಟ್ಕೊಳ್ಳುತ್ತೆ. ಎಕ್ಸ್‌ಪಿಎಸ್ ಬೆಣ್ಣೆ ಥರ ಕೊಯ್ಯುತ್ತೆ. ಒಂದು ಎಚ್ಚರಿಕೆ: ಸೆಕೆಂಡುಗಳಲ್ಲಿ ಅಂಟೋ ಗಮ್ ಆಗಲಿ, ಸ್ಪ್ರೇ ಪೇಂಟ್ ಆಗಲಿ ಫೋಮ್‌ಗೆ ತಾಗಿಸಬೇಡಿ, ಕರಗಿ ಗುಂಡಿ ಬೀಳುತ್ತೆ. ಫೆವಿಕಾಲ್ ಹಾಕಿ, ಮೇಲೆ ಪುಸ್ತಕದ ತೂಕ ಇಟ್ಟು, ರಾತ್ರಿಯಿಡೀ ಬಿಡಿ.

ಬೆಟ್ಟ ಏರಿಸೋ ಮೊದಲೇ ಹಿಂಭಾಗದಲ್ಲಿ ಕೈ ತೂರಿಸುವಷ್ಟು ಕಿಟಕಿ ಬಿಡಿ. ಹಳಿ ತಪ್ಪೋದು ಯಾವಾಗಲೂ ಸುರಂಗದ ಒಳಗೇ.

[ಹತ್ತಿರದ ದೃಶ್ಯ: ಮುದುಡಿ ಬಿಡಿಸಿದ ಅಲ್ಯುಮಿನಿಯಂ ಫಾಯಿಲ್. ಅದರ ಮೇಲೆ ಬಿಳಿ ಪ್ಲಾಸ್ಟರ್ ಹರಡೋದು.]

ಈಗ ಬಂಡೆ. ಚಪಾತಿ ಸುತ್ತೋ ಫಾಯಿಲ್ ತಗೊಂಡು ಬಿಗಿಯಾಗಿ ಉಂಡೆ ಕಟ್ಟಿ, ಹರಿಯದ ಹಾಗೆ ಮೆಲ್ಲಗೆ ಬಿಡಿಸಿ. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸುರಿಯಿರಿ. ಗಟ್ಟಿಯಾದ ಮೇಲೆ ಫಾಯಿಲ್ ಕಿತ್ತರೆ ಅದರ ಸುಕ್ಕೆಲ್ಲ ಕಲ್ಲಿನ ಬಿರುಕಾಗಿ ಉಳಿದಿರುತ್ತೆ. ಕೈಯಲ್ಲೇ ಮುರಿದು, ತುಂಡುಗಳನ್ನ ಬೆಟ್ಟಕ್ಕೆ ಅಂಟಿಸಿ. ಒಂದೇ ದಿಕ್ಕಿಗೆ ಬಿರುಕು ಇರೋ ಹಾಗೆ ನೋಡ್ಕೊಳ್ಳಿ. ನಿಜದ ಬೆಟ್ಟದಲ್ಲಿ ಪದರಗಳು ಮನಸ್ಸಿಗೆ ಬಂದ ಕಡೆಗೆ ತಿರುಗಿರಲ್ಲ. ಫಾಯಿಲ್ ಎಷ್ಟು ಬಿಗಿಯಾಗಿ ಮುದುಡಿದ್ರೆ ಅಷ್ಟು ಸಣ್ಣ ಬಿರುಕು ಬರುತ್ತೆ. ಈ ಅಳತೆಗೆ ಸಣ್ಣದೇ ಬೇಕು.

ಬಣ್ಣ ಹಚ್ಚೋದರಲ್ಲಿ ನಾನು ಎಡವಿದ್ದೆ. ಬೂದು ಬಣ್ಣ ಬಳಿದು, ಅಂಚಿಗೆಲ್ಲಾ ಬಿಳಿ ಸವರಿ, ಬುಡಕ್ಕೆ ಕೆಂಪು ಮಣ್ಣಿನ ಬಣ್ಣ ಕೊಟ್ಟು ಅಪ್ಪನಿಗೆ ತೋರಿಸಿದೆ. ಅವರು 80ರ ದಶಕದಲ್ಲಿ ಮಂಗಳೂರಿನಲ್ಲಿ ಓದೋವಾಗ ಮೀಟರ್ ಗೇಜ್ ರೈಲಲ್ಲಿ ಈ ದಾರೀಲಿ ಓಡಾಡಿದವರು. ಕನ್ನಡಕ ಹಾಕ್ಕೊಂಡು, ಬಗ್ಗಿ, ತುಂಬಾ ಹೊತ್ತು ನೋಡಿದ್ರು.

"ಚೆನ್ನಾಗಿದೆ ಮಗಾ. ಆದ್ರೆ ಇದು ಚಿತ್ರದುರ್ಗದ ಕಲ್ಲು ಕಣೋ. ಘಾಟಿ ಕಲ್ಲು ಹಿಂಗೆ ಒಣಗಿರುತ್ತಾ? ಕಪ್ಪಗೆ ಒದ್ದೆ ಇರುತ್ತೆ, ಮೇಲಿಂದ ಕೆಳಗೆ ಪಾಚಿ ಇಳಿದಿರುತ್ತೆ."

ಅಪ್ಪ ಹೇಳಿದ್ದು ಸರಿ. ಬಿಳಿಯನ್ನೆಲ್ಲಾ ಅಳಿಸಿದೆ. ಈಗ ಮಾಡೋದು ಹೀಗೆ: ಮೊದಲು ಕಂದು ಬೆರೆತ ಕಡು ಬೂದು. ಅದು ಒಣಗಿದ ಮೇಲೆ ಕಪ್ಪು ಪೋಸ್ಟರ್ ಬಣ್ಣವನ್ನ ಕಾಫಿ ಡಿಕಾಕ್ಷನ್‌ಗಿಂತ ತೆಳ್ಳಗೆ ಮಾಡಿ ಮೇಲಿಂದ ಹರಿಯೋಕೆ ಬಿಡೋದು. ಅದೇ ಬಿರುಕು ಹುಡುಕ್ಕೊಂಡು ಹೋಗಿ ಕೂತ್ಕೊಳ್ಳುತ್ತೆ. ಪಾಚಿಗೆ ಹಸಿರು ಚಾಕ್‌ಪೀಸ್ ಉಜ್ಜಿದ ಪುಡಿ, ಒದ್ದೆ ಬ್ರಶ್‌ನಿಂದ ಕೆಳಮುಖವಾಗಿ ಎಳೆಯೋದು. ಕೊನೆಗೆ ನೀರು ಜಿನುಗೋ ಎರಡು ಮೂರು ಕಡೆ ಮಾತ್ರ ಹೊಳಪಿನ ವಾರ್ನಿಶ್. ಇಡೀ ಬಂಡೆಗೆ ಹಚ್ಚಿದ್ರೆ ಪ್ಲಾಸ್ಟಿಕ್ ಆಗಿಬಿಡುತ್ತೆ.

[ಹತ್ತಿರದ ದೃಶ್ಯ: ಪ್ಲಾಸ್ಟಿಕ್ ಕವರ್ ಸುತ್ತಿದ ಅಯಸ್ಕಾಂತ ಮರಳಿನ ಮೇಲೆ ಹಾದು ಹೋಗುತ್ತೆ. ಕೆಳಗೆ ಕಪ್ಪು ಪುಡಿ ಮೀಸೆಯಂತೆ ಅಂಟಿಕೊಂಡಿದೆ.]

ಇದನ್ನ ದಯವಿಟ್ಟು ಗಮನ ಇಟ್ಟು ನೋಡಿ. ಹಳಿ ಕೆಳಗಿನ ಜಲ್ಲಿ. ನಿಜದಲ್ಲಿ 50 ಮಿಲಿಮೀಟರ್ ಇರೋ ಕಲ್ಲು ಈ ಅಳತೆಯಲ್ಲಿ ಕಾಲು ಮಿಲಿಮೀಟರ್ ಕೂಡ ಇರಲ್ಲ. ನಾನು ಎಂ-ಸ್ಯಾಂಡ್ ತಂದು, ತೊಳೆದು ಒಣಗಿಸಿ, ಹಳೇ ನೈಲಾನ್ ಕಾಲುಚೀಲದಲ್ಲಿ ಜರಡಿ ಹಿಡಿದೆ. ಬಣ್ಣವೂ ಸರಿ, ಗಾತ್ರವೂ ಸರಿ. ಹಳಿ ಮಧ್ಯೆ ಸುರಿದು ಅಂಟಿಸಿದೆ. ಎರಡು ದಿನ ರೈಲು ಚೆನ್ನಾಗಿ ಓಡ್ತು. ಮೂರನೇ ದಿನ ಇಂಜಿನ್ ಕಿರ್ ಅಂತ ನಿಂತೇ ಹೋಯ್ತು. ಬಿಚ್ಚಿ ನೋಡಿದ್ರೆ ಮೋಟರ್ ಸುತ್ತ, ಹಲ್ಲಿನ ಚಕ್ರಗಳ ಸಂದಿಯಲ್ಲೆಲ್ಲಾ ಕಪ್ಪು ಕಣ. ಆ ಮರಳಿನಲ್ಲಿ ಕಬ್ಬಿಣದ ಅಂಶ ಇತ್ತು, ಅಂಟದೇ ಉಳಿದಿದ್ದ ಕಣಗಳನ್ನ ಮೋಟರಿನ ಅಯಸ್ಕಾಂತ ಎಳ್ಕೊಂಡಿತ್ತು. ಸೂಜಿ ತುದಿಯಲ್ಲಿ ಒಂದೊಂದೇ ತೆಗೆಯೋಕೆ ಒಂದು ಭಾನುವಾರ ಪೂರ್ತಿ ಹೋಯ್ತು. ಹಳಿ ಮಧ್ಯದ ಜಲ್ಲಿಯನ್ನೂ ಕೆರೆದು ತೆಗೆದು ಮತ್ತೆ ಹಾಕಿದೆ.

ಹಾಗಾಗಿ ಮರಳು ಎಲ್ಲಿಂದಲೇ ತಂದಿರಲಿ, ಅಯಸ್ಕಾಂತಕ್ಕೆ ಕವರ್ ಸುತ್ತಿ, ಏನೂ ಅಂಟದೇ ಬರೋವರೆಗೂ ಮರಳಿನ ಮೇಲೆ ಓಡಿಸಿ. ಕವರ್ ಯಾಕೆ ಅಂದ್ರೆ, ಅದನ್ನ ಬಿಚ್ಚಿದ ತಕ್ಷಣ ಪುಡಿ ತಾನಾಗೇ ಉದುರುತ್ತೆ.

ಅಂಟಿಸೋ ಕ್ರಮ: ಮೃದುವಾದ ಬ್ರಶ್‌ನಿಂದ ಜಲ್ಲಿ ಸಮ ಮಾಡಿ. ಹಳಿಯ ಮೇಲೆ, ಪಕ್ಕದಲ್ಲಿ ಒಂದು ಕಾಳೂ ಉಳೀಬಾರದು. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಮಂಜಿನ ಥರ ಸ್ಪ್ರೇ ಮಾಡಿ. ಸೋಪು ಇಲ್ಲದಿದ್ರೆ ಅಂಟು ಮೇಲೇ ಮುತ್ತಿನ ಹಾಗೆ ನಿಂತ್ಕೊಳ್ಳುತ್ತೆ, ಒಳಗೆ ಇಳಿಯಲ್ಲ. ಆಮೇಲೆ ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ ಇಂಕ್ ಫಿಲ್ಲರ್‌ನಿಂದ ತೊಟ್ಟು ತೊಟ್ಟಾಗಿ ಬಿಡಿ. ಒಣಗೋ ಮೊದಲೇ ಹಳಿ ಒರೆಸಿ.

[ದೃಶ್ಯ: ಹಳೇ ಮಿಕ್ಸಿ ಜಾರ್. ಒಳಗೆ ಹಸಿರು ಸ್ಪಂಜು ತುಂಡು, ನೀರು.]

ಕಾಡು. ಸೋಫಾಗೆ ಹಾಕೋ ಸ್ಪಂಜಿನ ಚೂರುಗಳನ್ನ ಅಕ್ರಿಲಿಕ್ ಬಣ್ಣದಲ್ಲಿ ಅದ್ದಿ, ಒಣಗಿಸಿ, ಸಣ್ಣಗೆ ಕತ್ತರಿಸಿ, ನೀರು ಹಾಕಿ ರುಬ್ಬಬೇಕು. ಒಣದಾಗಿ ರುಬ್ಬಿದ್ರೆ ಜಾರಿನ ಗೋಡೆಗೆ ಹಾರಿ ಅಂಟ್ಕೊಳ್ಳುತ್ತೆ. ಈ ಜಾರ್ ಮತ್ತೆ ಅಡುಗೆಗೆ ಬೇಡ, ಬೇರೆ ಎತ್ತಿಡಿ. ರುಬ್ಬಿದ್ದನ್ನ ಹಿಂಡಿ ಒಣಗಿಸಿ, ಟೀ ಸೋಸೋ ಜಾಲರಿಯಲ್ಲಿ ಜರಡಿ ಹಿಡಿದು ಎರಡು ದರ್ಜೆ ಮಾಡ್ಕೊಳ್ಳಿ.

ಕಡಿಮೆ ಅಂದ್ರೆ ನಾಲ್ಕು ಹಸಿರು ಬೇಕು. ಡಬ್ಬಿಯಿಂದ ತೆಗೆದ ಹಸಿರು ಕಣ್ಣಿಗೆ ಹೊಡೆಯುತ್ತೆ, ಅದಕ್ಕೆ ಸ್ವಲ್ಪ ಕಂದು, ಸ್ವಲ್ಪ ಬೂದು ಸೇರಿಸಿ. ದೂರದ ಕಾಡು ಯಾವತ್ತೂ ಮಂಕು. ಬೆಟ್ಟದ ಹಿಂಭಾಗಕ್ಕೆ ನೀಲಿ ಬೆರೆತ ಹಸಿರು, ಮುಂದಕ್ಕೆ ಬರ್ತಾ ಬರ್ತಾ ಗಾಢ. ಬರಿ 60 ಸೆಂಟಿಮೀಟರ್ ಅಗಲದಲ್ಲಿ ಒಂದು ಕಣಿವೆಯಷ್ಟು ಆಳ ಸಿಗೋದು ಇದೊಂದರಿಂದಲೇ.

ಇಳಿಜಾರಿನಲ್ಲಿ ಒಂದೊಂದು ಮರ ನೆಡೋ ಅಗತ್ಯ ಇಲ್ಲ. ಘಾಟಿಯಲ್ಲಿ ಮೇಲಿಂದ ನೋಡಿದ್ರೆ ಕಾಡು ಹೂಕೋಸಿನ ಗೊಂಚಲಿನ ಹಾಗಿರುತ್ತೆ, ಕಾಂಡ ಕಾಣೋದೇ ಇಲ್ಲ. ದಪ್ಪ ದರ್ಜೆಯ ಸ್ಪಂಜನ್ನ ಗುಪ್ಪೆ ಗುಪ್ಪೆಯಾಗಿ ಅಂಟಿಸಿ, ಮೇಲೆ ಸಣ್ಣದನ್ನ ಉದುರಿಸಿ. ಅಂಚಿನಲ್ಲಿ, ಹಳಿ ಪಕ್ಕದಲ್ಲಿ ಮಾತ್ರ ನಿಜವಾದ ಮರ. ವೈರಿನ ಒಳಗಿನ ತಾಮ್ರದ ಎಳೆಗಳನ್ನ ಹುರಿ ಮಾಡಿ, ತುದಿ ಬಿಡಿಸಿದ್ರೆ ಕೊಂಬೆ. 25 ಮೀಟರ್ ಎತ್ತರದ ಸಿಲ್ವರ್ ಓಕ್ ಇಲ್ಲಿ 11 ಸೆಂಟಿಮೀಟರ್ ಚಿಲ್ಲರೆ. ಅದರ ಕೆಳಗಿನ ಕಾಫಿ ಗಿಡ ಏಳೆಂಟು ಮಿಲಿಮೀಟರ್. ದೋಣಿಗಲ್ ಕಡೆಯ ತೋಟದ ನೆನಪಿಗೆ ಹಲಗೆಯ ಬಲ ಮೂಲೆಯಲ್ಲಿ ನಾಲ್ಕು ಸಾಲು ಕಾಫಿ ಹಾಕಿದ್ದೀನಿ, ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೀನಿ. ಬಳ್ಳಿ ಅಂದ್ರೆ ಕಾಂಡಕ್ಕೆ ಅಂಟು ಸವರಿ ಸಣ್ಣ ಪುಡಿಯಲ್ಲಿ ಹೊರಳಿಸಿದ್ದು, ಅಷ್ಟೇ.

ಯಾವ ತಿಂಗಳು ಅಂತ ಮೊದಲೇ ತೀರ್ಮಾನ ಮಾಡಿ. ನನ್ನದು ಸೆಪ್ಟೆಂಬರ್. ನಾಗಸಂಪಿಗೆಯ ಕೆಂಪು ಚಿಗುರು ಹಾಕೋಕೆ ತುಂಬಾ ಆಸೆ ಇತ್ತು. ಆದ್ರೆ ಅದು ಬೇಸಿಗೆ ಹತ್ತಿರ ಬರೋವಾಗಿನ ಬಣ್ಣ, ಆಗ ನನ್ನ ಜಲಪಾತ ಇಷ್ಟು ಧುಮುಕಲ್ಲ. ಎರಡೂ ಒಂದೇ ಹಲಗೆ ಮೇಲೆ ಇದ್ರೆ ಆ ಜಾಗ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತೆ. ಚಿಗುರು ಬಿಟ್ಟೆ.

ಟೀ ಪುಡಿ, ಕಾಫಿ ಚರಟ ಬಳಸ್ತೀವಿ ಅನ್ನೋರಿಗೆ ಒಂದು ಮಾತು. ಒಣ ಊರುಗಳಲ್ಲಿ ನಡೆಯುತ್ತೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಬರುತ್ತೆ. ನನ್ನ ಕಾಡಿನ ನೆಲದ ಮೇಲೆ ಒಂದು ಜುಲೈನಲ್ಲಿ ಬಿಳಿ ಅರಳೆ ಬೆಳೆದಿತ್ತು. ಸ್ಪಂಜು ಕೊಳೆಯಲ್ಲ.

[ದೃಶ್ಯ: ಪಾಲಿಥೀನ್ ಹಾಳೆ ಮೇಲೆ ಸಿಲಿಕೋನ್. ಹಲ್ಲುಕಡ್ಡಿಯಿಂದ ಉದ್ದಕ್ಕೆ ಗೀರೋದು.]

ಜಲಪಾತಕ್ಕೆ ಅಕ್ವೇರಿಯಂ ಅಂಟಿಸೋ ಪಾರದರ್ಶಕ ಸಿಲಿಕೋನ್. ಪಾಲಿಥೀನ್ ಮೇಲೆ ಪಟ್ಟಿಯಾಗಿ ಹರಡಿ, ಹಸಿ ಇರೋವಾಗಲೇ ಹತ್ತಿಯ ಎಳೆಗಳನ್ನ ಜೇಡರ ಬಲೆಯಷ್ಟು ತೆಳ್ಳಗೆ ಎಳೆದು ಒಳಗೆ ಕೂರಿಸಿ, ಹಲ್ಲುಕಡ್ಡಿಯಿಂದ ಕೆಳಮುಖ ಗೀರಿ. ಒಣಗಿದ ಮೇಲೆ ಸುಲಿದು ಬಂಡೆಗೆ ಅಂಟಿಸೋದು. ಬಿಳಿ ಬಣ್ಣವನ್ನ ಆಮೇಲೆ ಮೇಲಿಂದ ಹಚ್ಚಿದ್ರೆ ನಿಲ್ಲಲ್ಲ, ಸಿಲಿಕೋನ್ ಮೇಲಿಂದ ಸಿಪ್ಪೆ ಎದ್ದುಬಿಡುತ್ತೆ. ಬಿಳುಪು ಹತ್ತಿಯಿಂದಲೇ ಬರಬೇಕು.

ಜನರ ಬಗ್ಗೆ ಹೆಚ್ಚು ಹೇಳಲ್ಲ. ಏಳೂವರೆ ಮಿಲಿಮೀಟರ್ ಎತ್ತರ, ಕಣ್ಣು ಮೂಗು ಬೇಡ. ನನ್ನ ಲೇಔಟ್‌ನಲ್ಲಿ ಒಬ್ಬರೇ ಇದ್ದಾರೆ: ಸೇತುವೆ ತುದಿಯಲ್ಲಿ ಕಿತ್ತಳೆ ಅಂಗಿ ಹಾಕಿದ ಗ್ಯಾಂಗ್‌ಮನ್. ಘಾಟಿಯಲ್ಲಿ ಮಳೆಗಾಲದ ರಾತ್ರಿ ಹಳಿ ಮೇಲೆ ನಡೆದು, ಗುಡ್ಡ ಕುಸಿದಿದೆಯಾ ಅಂತ ನೋಡೋರು ಅವರು. ಅವರಿಲ್ಲದೆ ಆ ದಾರಿ ಇಲ್ಲ. ಅಷ್ಟು ಹಸಿರಿನ ಮಧ್ಯೆ ಒಂದೇ ಒಂದು ಕಿತ್ತಳೆ ಚುಕ್ಕೆ ಇರೋದರಿಂದ ನೋಡೋರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

[ದೃಶ್ಯ: ಫೋನನ್ನ ತಲೆಕೆಳಗಾಗಿ, ಲೆನ್ಸ್ ಹಲಗೆಗೆ ತಾಗೋ ಹಾಗೆ ಹಿಡಿಯೋದು.]

ಒಂದು ಭಾಗ ಮುಗಿದಾಗೆಲ್ಲಾ ನಾನು ಫೋನನ್ನ ಹೀಗೆ ತಲೆಕೆಳಗು ಮಾಡಿ, ಹಳಿ ಮಟ್ಟದಿಂದ ಫೋಟೋ ತೆಗೀತೀನಿ. ಹಳಿ ಪಕ್ಕ ಅಂಟಿನ ಹೊಳಪು, ಬಂಡೆ ಸಂದಿಯಲ್ಲಿ ಇಣುಕೋ ನೀಲಿ ಫೋಮ್, ವಾಲಿದ ಕಂಬ, ಕಣ್ಣಿಗೆ ತಪ್ಪಿಹೋಗಿದ್ದೆಲ್ಲಾ ಫೋಟೋದಲ್ಲಿ ಸಿಗುತ್ತೆ. ಅಪ್ಪನಿಗೂ ಈಗ ಅದೇ ಫೋಟೋ ಕಳಿಸ್ತೀನಿ. ಮೊನ್ನೆ ಕಳಿಸಿದ್ದಕ್ಕೆ ವಾಪಸ್ ಫೋನ್ ಮಾಡಿ ಕೇಳಿದ್ರು: "ಇದು ಎಷ್ಟನೇ ಸುರಂಗ ಮಗಾ?"