ಅರ್ಧ ಅಕ್ಕಿಕಾಳಿನ ಚಿತ್ರ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಚಿತ್ರಗಳನ್ನು ಓದುವುದು ನನ್ನ ಕೆಲಸ. ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ನೋಡುವ ನನ್ನನ್ನು ಇವತ್ತು ಕೇಳುವುದರ ಬಗ್ಗೆ ಮಾತಾಡಲು ಕರೆದಿದ್ದಾರೆ.

ಚಿಕ್ಕಂದಿನಿಂದ ಕಿವಿ ಸೋರುತ್ತಿದ್ದವರನ್ನು ನೀವೆಲ್ಲ ಕಂಡಿರುತ್ತೀರಿ. ಹತ್ತಿ ಇಟ್ಟುಕೊಂಡು, ಬಿಸಿ ಎಣ್ಣೆ ಬಿಟ್ಟುಕೊಂಡು ವರ್ಷಗಟ್ಟಲೆ ದೂಡುತ್ತಾರೆ. ಎಣ್ಣೆ ಮಾತ್ರ ಬಿಡಬೇಡಿ, ಮಾತಿನ ನಡುವೆ ಹೇಳಿಬಿಡುತ್ತೇನೆ. ಅಷ್ಟರಲ್ಲಿ ಒಳಗಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಪುಟ್ಟ ಮೂಳೆಗಳು ಸವೆದಿರುವುದುಂಟು. ಶ್ರವಣಯಂತ್ರ ಹಾಕೋಣವೆಂದರೆ, ಕಿವಿಯ ಬಾಯಿ ಮುಚ್ಚಿದೊಡನೆ ಮತ್ತೆ ಸೋರಲು ಶುರು. ಇಂಥ ಕೆಲವರಿಗೆ ಮಧ್ಯಕಿವಿಯೊಳಗೇ ಒಂದು ಕಂಪಕವನ್ನು, ಅಂದರೆ ನಡುಗುವ ಪುಟ್ಟ ಸಾಧನವನ್ನು ಕೂರಿಸುತ್ತಾರೆ. ತೂಕ ಸುಮಾರು 25 ಮಿಲಿಗ್ರಾಂ, ಅಂದರೆ ಒಂದು ಅಕ್ಕಿಕಾಳಿನಷ್ಟು. ಉದ್ದ 2.3 ಮಿಲಿಮೀಟರ್, ಅಕ್ಕಿಕಾಳಿನ ಅರ್ಧವೂ ಇಲ್ಲ. ಒಳಗೊಂದು ಅಯಸ್ಕಾಂತ, ಸುತ್ತ ತಂತಿಯ ಸುರುಳಿ. ಚರ್ಮದ ಹೊರಗೆ ಅಂಟಿಕೊಂಡ ಗುಂಡಿಯಂಥ ಯಂತ್ರ ಸದ್ದನ್ನು ಹಿಡಿದು ಒಳಕ್ಕೆ ಕಳಿಸುತ್ತದೆ, ಇದು ನಡುಗುತ್ತದೆ, ಆ ನಡುಕವೇ ಒಳಕಿವಿಗೆ ಸದ್ದಾಗಿ ತಲುಪುತ್ತದೆ.

1996ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಇದನ್ನು ಮೊದಲ ಬಾರಿಗೆ ಅಳವಡಿಸಿದಾಗ ಅಡಿಗಲ್ಲು ಮೂಳೆಗೆ ಸಿಕ್ಕಿಸಿದರು. ಆ ಮೂಳೆಯೇ ಇಲ್ಲದವರಿಗೆ? ಒಳಕಿವಿಗಿರುವ ದುಂಡು ಕಿಟಕಿ ಎಂಬ ಪುಟ್ಟ ಕಿಂಡಿಯ ಪೊರೆಗೇ ತಾಗಿಸಿ ಕೂರಿಸಬಹುದೆಂದು 2006ರಲ್ಲಿ ಇಟಲಿಯ ವಿಟ್ಟೋರಿಯೊ ಕೊಲೆಟ್ಟಿ ಮತ್ತು ಸಂಗಡಿಗರು ವರದಿ ಮಾಡಿದರು.

ನನ್ನ ತಲೆನೋವು ಅಲ್ಲಿಂದ ಶುರುವಾಗುತ್ತದೆ. ಒನಕೆ ಒರಳಿಗೆ ನೆಟ್ಟಗೆ ಬೀಳಬೇಕು. ಓರೆಯಾದರೆ ಅಂಚಿಗೆ ಬಡಿಯುತ್ತದೆ, ಭತ್ತ ಹಾಗೇ ಉಳಿಯುತ್ತದೆ. ಈ ಕಂಪಕವೂ ಹಾಗೇ. ಪೊರೆಗೆ ನೇರ ಎದುರಾಗಿರಬೇಕು, ತಾಗಿರಬೇಕು, ಸುತ್ತಲಿನ ಮೂಳೆಗೆ ಮಾತ್ರ ತಗುಲಬಾರದು. ಅದನ್ನು ಸಿ.ಟಿ. ಸ್ಕ್ಯಾನಿನಲ್ಲಿ ನೋಡಬೇಕು. ಮಾಮೂಲಿ ಅಡ್ಡ ಕೊಯ್ತದಲ್ಲಿ ಅದರ ಓರೆ ಸರಿಯಾಗಿ ತಿಳಿಯುವುದಿಲ್ಲ. ಬಾಳೆಕಾಯಿಯನ್ನು ಅಡ್ಡ ಹೆಚ್ಚಿದರೆ ದುಂಡು ಬಿಲ್ಲೆ, ಓರೆ ಹೆಚ್ಚಿದರೆ ಉದ್ದನೆಯ ಬಿಲ್ಲೆ ಅಲ್ಲವೇ? ಹಾಗೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಕಂಪಕದ ಉದ್ದಕ್ಕೆ ಸರಿಯಾಗಿ ಮತ್ತೆ ಹೆಚ್ಚಿಕೊಳ್ಳುತ್ತೇನೆ.

ಆದರೂ ಲೋಹ ಮೋಸ ಮಾಡುತ್ತದೆ. ರಾತ್ರಿ ಎದುರಿಗೆ ಬರುವ ಬಸ್ಸಿನ ಹೆಡ್‌ಲೈಟನ್ನು ಫೋಟೋ ತೆಗೆದು ನೋಡಿ, ದೀಪ ಮುಷ್ಟಿಯಷ್ಟಿದ್ದರೂ ಬೆಳಕು ಬುಟ್ಟಿಯಷ್ಟು. ಸ್ಕ್ಯಾನಿನಲ್ಲೂ ಲೋಹದ ಸುತ್ತ ಅಂಥದೇ ಬಿಳಿ ಹರಡಿಕೊಂಡು ಕಂಪಕ ದಪ್ಪಗೆ ಕಾಣುತ್ತದೆ. ನಿಜವಾಗಿ ತಾಗಿದೆಯೋ, ಕೂದಲೆಳೆ ದೂರದಲ್ಲಿದೆಯೋ, ಆಣೆ ಮಾಡಿ ಹೇಳಲಾರೆ. ಹಲ್ಲಿನ ವೈದ್ಯರು ಹೆಚ್ಚಾಗಿ ಬಳಸುವ ಕೋನ್ ಬೀಮ್ ಸಿ.ಟಿ.ಯಲ್ಲಿ ಈ ಕಾಟ ಸ್ವಲ್ಪ ಕಮ್ಮಿ, ಸಾಮಾನ್ಯವಾಗಿ ವಿಕಿರಣವೂ ಕಮ್ಮಿ. ಆದರೆ ತಲೆ ಒಂಚೂರು ಅಲುಗಿದರೂ ಚಿತ್ರ ಕೆಟ್ಟಿತು. ಇನ್ನು ಕಂಪಕದ ಪಕ್ಕ ಬೂದುಬಣ್ಣ ಕಂಡರೆ ಅದು ನೀರೋ, ಗಾಯದ ಕಲೆಯೋ, ಆಸರೆಗೆಂದು ಸರ್ಜನ್ ತಾವೇ ಇಟ್ಟ ಮೃದ್ವಸ್ಥಿಯೋ? ಸಿ.ಟಿ.ಗೆ ಎಲ್ಲ ಒಂದೇ. ಆಪರೇಷನ್ ಟಿಪ್ಪಣಿ ಓದಿದರೇ ತಿಳಿಯುವುದು.

ಹಾಗಾಗಿ ರೋಗಿ 'ಕೇಳಿಸ್ತಿಲ್ಲ ಡಾಕ್ಟ್ರೇ' ಅಂದಾಗ 'ಸ್ಕ್ಯಾನ್ ನಾರ್ಮಲ್ ಇದೆಯಲ್ಲಾ' ಎಂದು ಬಾಯಿ ಮುಚ್ಚಿಸುವುದು ನನಗೆ ಸರಿಬರುವುದಿಲ್ಲ. ಚಿತ್ರ ಜಾಗವನ್ನಷ್ಟೇ ತೋರಿಸುತ್ತದೆ, ನಡುಕವನ್ನಲ್ಲ. ಶ್ರವಣ ಪರೀಕ್ಷೆಯ ಗೆರೆ ಇಳಿದಿದ್ದು, ಹಳೆಯ ಸ್ಕ್ಯಾನಿಗೆ ಹೋಲಿಸಿದರೆ ಕಂಪಕ ಸರಿದಿದ್ದರೆ, ಆಗ ನನ್ನ ಮಾತಿಗೆ ತೂಕ ಬರುತ್ತದೆ. ಚೆನ್ನಾಗಿ ಕೇಳಿಸುತ್ತಿದ್ದರೆ ಸುಮ್ಮನೆ ಸ್ಕ್ಯಾನ್ ಏಕೆ?

ಹಳೆಯ ಸಿ.ಡಿ., ಡಿಸ್ಚಾರ್ಜ್ ಚೀಟಿ, ಇಂಪ್ಲಾಂಟ್ ಕಾರ್ಡ್, ಮೂರನ್ನೂ ಜೋಪಾನವಾಗಿಡಿ. ಎಂ.ಆರ್.ಐ.ಗೆ ಬರೆದುಕೊಟ್ಟರೆ ಕಾರ್ಡನ್ನು ಮೊದಲೇ ತೋರಿಸಿ. ಒಳಗಿರುವುದು ಅಯಸ್ಕಾಂತ, ಹಳೆಯ ಮಾದರಿಗಳಿಗೆ ಎಂ.ಆರ್.ಐ. ಕೂಡದು, ಹೊಸ ಮಾದರಿಗೆ 1.5 ಟೆಸ್ಲಾವರೆಗೆ, ಅದೂ ಷರತ್ತಿನ ಮೇಲೆ.

ಸಿ.ಟಿ.ಗೆ ಬರುವಾಗ ಓಲೆ, ಜುಮುಕಿ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಹೊರಗಿನ ಯಂತ್ರವನ್ನು ಮಾತ್ರ ನಮ್ಮ ಹುಡುಗರು ಎಲ್ಲ ವಿವರಿಸಿದ ಮೇಲೆ ತೆಗೆಯಿರಿ. ಅದನ್ನು ತೆಗೆದ ಬಳಿಕ ಅವರು 'ಅಲುಗಾಡಬೇಡಿ ಅಜ್ಜಾ' ಎಂದು ಕೂಗಿದರೂ ನಿಮಗೆ ಕೇಳಿಸಲಿಕ್ಕಿಲ್ಲ. ಗಾಜಿನಾಚೆಯಿಂದ ಕೈಸನ್ನೆ ಒಂದೇ ಗತಿ.

ನಮಸ್ಕಾರ.