ಎರಡು ಹೆಜ್ಜೆ ತಡ

ಕೇಳುಗರಿಗೆ ನಮಸ್ಕಾರ. ಯುರೋಪಿನ ಹಳೆಯ ಕಥೆಗಳ ನೈಟ್‌ಗಳ, ಅಂದರೆ ಕುದುರೆ ಏರಿ ಹೋರಾಡುವ ವೀರರ, ವಿಷಯ ತೆಗೆದರೆ ಸಾಕು, ಎಲ್ಲರೂ ಕವಚ, ಕುದುರೆ, ಡ್ರ್ಯಾಗನ್ ಅಂತ ಶುರುಮಾಡುತ್ತಾರೆ. ಸ್ವಲ್ಪ ತಡೆಯಿರಿ. ಆ ಕಥೆಗಳಲ್ಲಿ ಹೊಡೆದಾಡೋದು ಎಲ್ಲ ನೈಟ್‌ಗಳಿಗೂ ಬರುತ್ತದೆ. ಮಾನ ಹೋಗುವ ಹೊತ್ತಿನಲ್ಲಿ ನೈಟ್ ಏನು ಮಾಡುತ್ತಾನೆ? ನೋಡಬೇಕಾದ್ದು ಅದನ್ನು.

ಲ್ಯಾನ್ಸಲಾಟ್‌ನನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಕವಿ ಕ್ರೆತಿಯೆನ್ ದ ತ್ರುವಾ ಸುಮಾರು 1180ರ ಹೊತ್ತಿಗೆ ಅವನ ಕಥೆ ಬರೆದ. ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನ ರಾಣಿ ಗ್ವಿನಿವಿಯರ್, ಲ್ಯಾನ್ಸಲಾಟ್‌ಗೆ ಅವಳ ಮೇಲೆ ಪ್ರೀತಿ. ಅವಳನ್ನು ಮೆಲಿಯಾಗಾಂಟ್ ಅನ್ನೋ ದುಷ್ಟ ರಾಜಕುಮಾರ ಒಯ್ದಿದ್ದಾನೆ. ಲ್ಯಾನ್ಸಲಾಟ್ ಬೆನ್ನಟ್ಟುತ್ತಾನೆ. ದಾರಿಯಲ್ಲಿ ಕುದುರೆ ಸಾಯುತ್ತದೆ. ಕವಚ ಹೊತ್ತು ನಡೆಯುತ್ತಿರುವಾಗ ಒಂದು ಗಾಡಿ ಎದುರಾಗುತ್ತದೆ, ಓಡಿಸುವವನು ಒಬ್ಬ ಕುಳ್ಳ. "ರಾಣಿಯನ್ನು ನೋಡಿದೆಯಾ?" "ಗಾಡಿ ಹತ್ತು, ನಾಳೆಯೊಳಗೆ ಗೊತ್ತಾಗುತ್ತದೆ."

ಆ ಗಾಡಿ ಯಾವುದು ಗೊತ್ತಾ? ಕಳ್ಳರನ್ನು, ಕೊಲೆಗಾರರನ್ನು ಊರೆಲ್ಲ ಮೆರವಣಿಗೆ ಮಾಡಿಸುವ ಗಾಡಿ. ಒಂದು ಸಲ ಹತ್ತಿದರೆ ಮಾನ ಹೋಯಿತು. ಜೊತೆಗಿದ್ದ ಇನ್ನೊಬ್ಬ ನೈಟ್ ಗವೇನ್ "ನಾನು ಒಲ್ಲೆ" ಅಂದು ಕುದುರೆ ಮೇಲೆಯೇ ಗಾಡಿಯ ಹಿಂದೆ ಬಂದ. ಲ್ಯಾನ್ಸಲಾಟ್ ಎರಡು ಹೆಜ್ಜೆ ಹಿಂದುಮುಂದು ನೋಡಿದ. ಬುದ್ಧಿ ಬೇಡ ಅಂದಿತು, ಪ್ರೀತಿ ಹತ್ತು ಅಂದಿತು. ಹತ್ತಿದ. ಊರಿನವರು ಸುಮ್ನೆ ಇರ್ತಾರಾ? "ಇವನ ಚರ್ಮ ಸುಲಿಯುತ್ತಾರಾ, ನೇಣು ಹಾಕುತ್ತಾರಾ?" ಅಂತ ಕೂಗಿದರು.

ಮುಂದೆ ಕತ್ತಿಯ ಸೇತುವೆ. ಕೆಳಗೆ ಕಪ್ಪು ನೀರಿನ ಹೊಳೆ, ಅಡ್ಡಲಾಗಿ ಒಂದು ಹೊಳೆಯುವ ಕತ್ತಿ, ಎರಡು ಭರ್ಜಿಯಷ್ಟು ಉದ್ದ. ಜಾರಬಾರದು ಅಂತ ಕೈಕಾಲಿನ ಕವಚ ಬಿಚ್ಚಿ, ಬರಿಗೈ ಬರಿಗಾಲಲ್ಲಿ ದಾಟಿದ. ರಕ್ತ ಸುರಿಯಿತು. ಆಚೆಗೆ ಹೋಗಿ ಹೋರಾಡಿದ, ರಾಣಿಗೆ ಬಿಡುಗಡೆಯೂ ಆಯಿತು. ಅವಳೋ ಮುಖ ತಿರುಗಿಸಿಕೊಂಡಳು!

ಯಾಕೆ? ಆಮೇಲೆ ಅವಳೇ ಹೇಳುತ್ತಾಳೆ: ಗಾಡಿ ಹತ್ತಲು ಎರಡು ಹೆಜ್ಜೆ ತಡ ಮಾಡಿದೆ ನೀನು. ಅಷ್ಟೂ ರಕ್ತಕ್ಕೆ ಲೆಕ್ಕವಿಲ್ಲ, ಎರಡು ಹೆಜ್ಜೆಗೆ ಲೆಕ್ಕ. ಇದು ಜಾಸ್ತಿ ಆಯಿತು ಅಲ್ವಾ? ನನಗೂ ಹಾಗೇ ಅನ್ನಿಸುತ್ತದೆ. ಆದರೂ ಎಷ್ಟು ಸಲ ಓದಿದರೂ ಈ ಜಾಗದಲ್ಲಿ ನಿಲ್ಲುತ್ತೇನೆ. ಅವಳು ನೋಡಿದ್ದು ಶೌರ್ಯವನ್ನಲ್ಲ. ತನಗಾಗಿ ಮಾನ ಬಿಡುತ್ತಾನಾ ಅನ್ನೋದನ್ನು.

ಸ್ಟುಡಿಯೋ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಹೊತ್ತಾಯಿತಂತೆ. ಫ್ರಾನ್ಸಿನ ಇನ್ನೊಂದು ಹಳೆಯ ಕಾವ್ಯದ ವೀರ ರೋಲಾಂಡ್‌ನದು ಒಂದೇ ಮಾತಲ್ಲಿ: ಯುದ್ಧದಲ್ಲಿ ಸಹಾಯ ಕೇಳಿದರೆ ಮಾನ ಹೋಗುತ್ತದೆ ಅಂತ ಅವನು ಕೊಂಬು ಊದಿ ತನ್ನವರನ್ನು ಕರೆಯಲಿಲ್ಲ. ಕೊನೆಗೆ ಊದುವಾಗ ಪಡೆ ಹೆಚ್ಚುಕಡಿಮೆ ಮುಗಿದಿತ್ತು. ಇನ್ನು ಗವೇನ್. 14ನೇ ಶತಮಾನದ ಒಂದು ಇಂಗ್ಲಿಷ್ ಕಾವ್ಯದಲ್ಲಿ ಅವನು ಪ್ರಾಣಭಯಕ್ಕೆ, ಜೀವ ಕಾಯುತ್ತದೆ ಅಂತ ನಂಬಿ, ಒಂದು ಹಸಿರು ನಡುಪಟ್ಟಿಯನ್ನು ಬಚ್ಚಿಟ್ಟುಕೊಂಡು ಸಿಕ್ಕಿಬೀಳುತ್ತಾನೆ. ನಾಚಿಕೆಯ ಗುರುತಾಗಿ ಅದನ್ನೇ ತೊಟ್ಟು ಆಸ್ಥಾನಕ್ಕೆ ಬರುತ್ತಾನೆ. ಅಲ್ಲಿದ್ದವರು ಕೇಳಿ ನಕ್ಕರು. ನಕ್ಕವರೆಲ್ಲ ತಾವೂ ಒಂದೊಂದು ಹಸಿರು ಪಟ್ಟಿ ಕಟ್ಟಿಕೊಂಡರು. ನಮಸ್ಕಾರ.