ಅಂಕೋಲೆಯ ಕಡೆ ತಿರುಗುವ ಮುಳ್ಳು

ಕೇಳುಗರಿಗೆ ನಮಸ್ಕಾರ.

ಮೊನ್ನೆ ಕಾರವಾರದ ಬೈತಖೋಲ ಬಂದರಿನಲ್ಲಿ ಒಂದು ಮೀನುಗಾರಿಕೆ ಬೋಟ್ ಹತ್ತಿದ್ದೆ. ಚುಕ್ಕಾಣಿಯ ಮುಂದೆ ಹಳೆಯ ಕಂಪಾಸ್ ಇತ್ತು. ಗಾಜು ಮಸುಕಾಗಿತ್ತು, ಅಕ್ಷರ ಮಾಸಿತ್ತು. ಗೊತ್ತಿಲ್ಲದೆ ಮೊಬೈಲನ್ನು ಅದರ ಪಕ್ಕ ಇಟ್ಟೆ. ಮುಳ್ಳು ಸರ್ರನೆ ಓಡಿತು. "ಅಲ್ಲಿಡಬೇಡಿ ಮಾರಾಯ್ರೇ, ಉತ್ತರ ತಪ್ತದೆ" ಎಂದರು ಬೋಟ್ ನಡೆಸುವ ತಾಂಡೇಲರು.

ಮೊಬೈಲಿನೊಳಗಿನ ಚಿಕ್ಕ ಅಯಸ್ಕಾಂತಕ್ಕೇ ಉತ್ತರ ತಪ್ಪುತ್ತದೆ. ಆದರೆ ಭೂಮಿಯೇ ಉತ್ತರ ತಪ್ಪಿಸಿದ ಕಾಲಗಳಿದ್ದವು. ಆಗ ಈ ಕಂಪಾಸ್ ಇದ್ದಿದ್ದರೆ, ಉತ್ತರಕ್ಕೆ ಗೋವೆಯ ಕಡೆ ನೋಡಬೇಕಾದ ಮುಳ್ಳು ದಕ್ಷಿಣಕ್ಕೆ ಅಂಕೋಲೆಯ ಕಡೆ ನೋಡುತ್ತಿತ್ತು!

ನಮ್ಮ ಕಾಲ ಕೆಳಗೆ, ಸುಮಾರು 2,900 ಕಿಲೋಮೀಟರ್ ಆಳದಲ್ಲಿ, ಕರಗಿದ ಕಬ್ಬಿಣದ ಕಡಲೇ ಇದೆ. ಒಲೆಯ ಮೇಲಿನ ಗಂಜಿಯ ಹಾಗೆ ಅದು ಏಳುತ್ತಾ ಬೀಳುತ್ತಾ ಇರುತ್ತದೆ. ಆ ಹರಿವಿನಿಂದ ವಿದ್ಯುತ್ತು, ವಿದ್ಯುತ್ತಿನಿಂದ ಕಾಂತಕ್ಷೇತ್ರ. ಹರಿವು ಕದಡಿದರೆ ಕ್ಷೇತ್ರ ಸೊರಗುತ್ತದೆ. ಕೆಲವೊಮ್ಮೆ ತಲೆಕೆಳಗಾಗಿ ಮತ್ತೆ ಬಲಗೊಳ್ಳುತ್ತದೆ. ಇದಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ.

ಇದು ತಿಳಿದದ್ದು ಹೇಗೆ? ಹಂಚಿನ ಭಟ್ಟಿ ನೆನಪಿಸಿಕೊಳ್ಳಿ. ಹಂಚು ಕೆಂಪಗಾಗುವುದೇ ಮಣ್ಣಿನಲ್ಲಿರುವ ಕಬ್ಬಿಣದಿಂದ. ಭಟ್ಟಿ ಆರುವಾಗ ಆ ಕಣಗಳು ಆ ಹೊತ್ತಿನ ಉತ್ತರವನ್ನು ಹಿಡಿದುಕೊಂಡುಬಿಡುತ್ತವೆ. ಆಮೇಲೆ ಹಂಚನ್ನು ಎಲ್ಲಿ ಹೊದೆಸಿದರೂ ಆ ಗುರುತು ಒಳಗೆ ಇದ್ದೇ ಇರುತ್ತದೆ. ಲಾವಾ ಆರುವಾಗಲೂ ಹೀಗೇ. 1905ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ಬರ್ನಾರ್ ಬ್ರೂನ್, ಲಾವಾ ಹರಿದು ಸುಟ್ಟ ಜೇಡಿಮಣ್ಣನ್ನು ಪರೀಕ್ಷಿಸಿದರು. ಅದರ ಉತ್ತರ ಉಲ್ಟಾ ಇತ್ತು.

ದೊಡ್ಡ ಸಾಕ್ಷಿ ಸಿಕ್ಕಿದ್ದು ಮಾತ್ರ ನಮ್ಮ ಕಡಲಿನ ಕಡೆಯಿಂದಲೇ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಕಾರವಾರದಿಂದ ನೈಋತ್ಯಕ್ಕೆ, ಸಾವಿರ ಕಿಲೋಮೀಟರಿಗೂ ಆಚೆ, ನೀರಿನ ತಳದಲ್ಲಿ ಕಾರ್ಲ್ಸ್‌ಬರ್ಗ್ ಎಂಬ ಬೆಟ್ಟಸಾಲಿದೆ. ಅದರ ನಡುವೆ ನೆಲ ಬಿರಿಯುತ್ತದೆ, ಲಾವಾ ಉಕ್ಕಿ ಆರುತ್ತದೆ, ಎರಡೂ ಬದಿಗೆ ಸರಿಯುತ್ತದೆ. 1962ರಲ್ಲಿ ಓವೆನ್ ಎಂಬ ಬ್ರಿಟಿಷ್ ಹಡಗು ಅಲ್ಲಿ ಕಾಂತಬಲ ಅಳೆಯಿತು. ಆ ಅಳತೆಗಳನ್ನು ಇಟ್ಟುಕೊಂಡು 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಹೇಳಿದ್ದು ಇಷ್ಟು: ಕಡಲ ತಳ ಜಮಖಾನೆಯ ಹಾಗೆ ಪಟ್ಟೆಪಟ್ಟೆ, ಒಂದು ಪಟ್ಟೆಯ ಉತ್ತರ ಸರಿ, ಪಕ್ಕದ್ದು ಉಲ್ಟಾ.

ಕೊನೆಯ ಸಲ ಹೀಗೆ ಪೂರ್ತಿ ತಿರುಗಿ ನಿಂತು ಸುಮಾರು 7.8 ಲಕ್ಷ ವರ್ಷ ಆಯಿತು. ಹಾಗಾದರೆ ಇನ್ನೇನು ತಿರುಗುತ್ತದೆ ಅಂತ ಹೆದರಬೇಕಿಲ್ಲ. ಇದಕ್ಕೆ ವಾಯಿದೆ ಅಂತ ಇಲ್ಲ. ಡೈನೋಸಾರ್‌ಗಳ ಕಾಲದಲ್ಲಿ ಹೆಚ್ಚುಕಡಿಮೆ 4 ಕೋಟಿ ವರ್ಷ ಅದು ತಿರುಗಲೇ ಇಲ್ಲ. ಸುಮಾರು 41,000 ವರ್ಷದ ಹಿಂದೆ ಸ್ವಲ್ಪ ಕಾಲ ತಿರುಗಿ, ವಾಪಸ್ ಬಂತು. ಆಗಲೂ ಮನುಷ್ಯರಿದ್ದರು, ಬೇಟೆಯಾಡಿದರು, ಮಕ್ಕಳನ್ನು ಸಾಕಿದರು.

ಆ ಬೆಟ್ಟಸಾಲು ಇವತ್ತಿಗೂ ಬಿರಿಯುತ್ತಲೇ ಇದೆ. ಅಲ್ಲಿ ಈಗ ಆರುತ್ತಿರುವ ಕಲ್ಲು, ಬೈತಖೋಲದ ತಾಂಡೇಲರ ಕಂಪಾಸ್ ತೋರಿಸುವ ಉತ್ತರವನ್ನೇ ಹಿಡಿದುಕೊಳ್ಳುತ್ತಿದೆ.

ನಮಸ್ಕಾರ.